ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ ಮತ್ತು ಒಂದು ಜೀವ

ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು 10ನೇ ಶತಮಾನದಲ್ಲಿ ರಚಿಸಿದ ಪ್ರಾಕೃತ ಗ್ರಂಥ ‘ಗೊಮ್ಮಟಸಾರ’. ಅದರ ಜೀವಕಾಂಡವು ಪರ್ಯಾಪ್ತ ಮನುಷ್ಯರ, ಅಂದರೆ ಶರೀರ, ಇಂದ್ರಿಯ ಮೊದಲಾದ ಶಕ್ತಿಗಳು ಪೂರ್ಣಗೊಂಡ ಮನುಷ್ಯರ, ಸಂಖ್ಯೆಯನ್ನು ಹೇಳುತ್ತದೆ: 79228162514264337593543950336. ಒಟ್ಟು 29 ಸ್ಥಾನಗಳು. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕವನ್ನಿಟ್ಟು, ಬಿಡಿಸ್ಥಾನದಿಂದ ಮೊದಲ್ಗೊಂಡು, ಇಷ್ಟನ್ನೂ ಆಚಾರ್ಯರು ಒಂದೇ ಗಾಥೆಯಲ್ಲಿ ಹುದುಗಿಸಿದ್ದಾರೆ. ಇದು ಕಣ್ಣಿಗೆ ಕಾಣುವ ನಾಡುಗಳ ಜನಗಣತಿಯಲ್ಲ. ಆಗಮೋಕ್ತವಾದ ಎರಡೂವರೆ ದ್ವೀಪಗಳ ಮನುಷ್ಯಕ್ಷೇತ್ರದ ಲೆಕ್ಕ.

ಈ ಸಂಖ್ಯೆಯ ರಚನೆ ಸರಳವಾದುದು. ಎರಡರ ವರ್ಗ 4. ಅದರ ವರ್ಗ 16. ಮುಂದೆ 256, 65,536. ಐದನೆಯ ವರ್ಗ 4,29,49,67,296. ಈ ಐದನೆಯ ವರ್ಗದ ಘನವೇ ಆ 29 ಸ್ಥಾನಗಳ ಸಂಖ್ಯೆ. ಎರಡನ್ನು 96 ಬಾರಿ ಇಟ್ಟು ಗುಣಿಸಿದರೂ ಅದೇ ದೊರೆಯುತ್ತದೆ. ಆದುದರಿಂದ ಅದನ್ನು ಶೇಷವಿಲ್ಲದೆ 96 ಬಾರಿ ಅರ್ಧಿಸುತ್ತ ಹೋದರೆ ಕೊನೆಗೆ ಒಂದು ಉಳಿಯುತ್ತದೆ. ಹೀಗೆ ಅರ್ಧಿಸುವ ಎಣಿಕೆಗೆ ‘ಅರ್ಧಚ್ಛೇದ’ ಎಂದು ಹೆಸರು. ವೀರಸೇನಾಚಾರ್ಯರ ‘ಧವಲಾ’ ಟೀಕೆ ಈ ಗಣಿತವನ್ನು ವಿಸ್ತಾರವಾಗಿ ಬಳಸುತ್ತದೆ. ಅದರ ತಾಳೆಗರಿಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆ.

ಜೈನಾಗಮವು ಪ್ರಮಾಣವನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಒಳಭೇದಗಳಿಂದ 21 ಬಗೆಯಾಗಿ ವಿವರಿಸುತ್ತದೆ. ಅಷ್ಟು ದೊಡ್ಡದಾಗಿ ತೋರುವ ಈ ಸಂಖ್ಯೆ ಅವುಗಳಲ್ಲಿ ಕೇವಲ ಸಂಖ್ಯಾತ. ನಾರಕಿಗಳೂ ದೇವತೆಗಳೂ ಅಸಂಖ್ಯಾತರು. ತಿರ್ಯಂಚ ಜೀವಗಳು ಅನಂತ. ನಿಗೋದದ ಒಂದೇ ಶರೀರದಲ್ಲಿ ಅನಂತ ಜೀವಗಳು ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತವೆ. ನಾಲ್ಕು ಗತಿಗಳಲ್ಲಿ ಮನುಷ್ಯರೇ ಅತ್ಯಲ್ಪರು. ಸಂಯಮವನ್ನು ಧರಿಸಿ ಮೋಕ್ಷಕ್ಕೆ ಸಾಗಲು ಅರ್ಹತೆಯಿರುವುದೂ ಈ ಅತ್ಯಲ್ಪರಿಗೇ. ಮನುಷ್ಯಭವವು ದುರ್ಲಭವೆಂಬ ಮಾತು ಭಾವಾವೇಶದ ನುಡಿಯಲ್ಲ, ಲೆಕ್ಕವಿಟ್ಟು ಹೇಳಿದ ಸತ್ಯ.

ಇಂಥ ಭವವನ್ನು ಪಡೆದವನು ಅದನ್ನು ವ್ಯಯಿಸುವುದು ಬಹುಮಟ್ಟಿಗೆ ಇನ್ನೊಂದು ಎಣಿಕೆಯಲ್ಲಿ. ಹೊಲ, ಮನೆ, ಹೊನ್ನುಗಳನ್ನು ಇಮ್ಮಡಿಗೊಳಿಸುವುದರಲ್ಲೇ ಆಯುಷ್ಯ ಸವೆಯುತ್ತದೆ. ಶ್ರಾವಕನಿಗೆ ಪರಿಗ್ರಹ ಪರಿಮಾಣ ವ್ರತವನ್ನು ವಿಧಿಸಿದ್ದು ಇದಕ್ಕಾಗಿಯೇ. ‘ಇಷ್ಟು ಸಾಕು’ ಎಂದು ಸಂಖ್ಯೆಯೊಂದನ್ನು ನಿಶ್ಚಯಿಸಿ ನಿಲ್ಲುವುದೇ ಆ ವ್ರತ. ಹೆಚ್ಚಿಸಲು ಬಂದ ಗಣಿತ ಅಲ್ಲಿ ತಗ್ಗಿಸಲು ನೆರವಾಗುತ್ತದೆ.

ಜೈನಗಣಿತದಲ್ಲಿ ಸಂಖ್ಯಾತವು ಆರಂಭವಾಗುವುದು ಎರಡರಿಂದ; ಒಂದು ಅದರೊಳಗೆ ಸೇರದು. 96ನೇ ಅರ್ಧಚ್ಛೇದದ ಬಳಿಕ ಉಳಿಯುವುದು ಆ ಒಂದೇ. ಏಕತ್ವ ಭಾವನೆ ನೆನಪಿಸುವುದೂ ಅದನ್ನೇ: ಜೀವವು ಒಂಟಿಯಾಗಿ ಹುಟ್ಟುತ್ತದೆ, ಒಂಟಿಯಾಗಿ ಕರ್ಮಫಲವನ್ನು ಉಣ್ಣುತ್ತದೆ, ಒಂಟಿಯಾಗಿಯೇ ಬಿಡುಗಡೆ ಹೊಂದುತ್ತದೆ. ತನ್ನದೆಂದುಕೊಂಡದ್ದನ್ನು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬಂದವನಿಗೆ ಆ ಒಂದರ ದರ್ಶನ ದೂರವಿಲ್ಲ.