ಊರು ಮುಳುಗಿದರೂ ಗ್ರಾಮವು ಉಳಿದೀತೇ?

ಸಂಸ್ಕೃತದಲ್ಲಿ 'ಗ್ರಾಮ' ಶಬ್ದಕ್ಕೆ ಊರೆಂಬ ಅರ್ಥವಿರುವಂತೆಯೇ ಸಮೂಹವೆಂಬ ಅರ್ಥವೂ ಉಂಟು. ಗುಣಗ್ರಾಮ, ಇಂದ್ರಿಯಗ್ರಾಮ ಎಂಬಲ್ಲಿ ಮನೆಗಳಾಗಲಿ ಹೊಲಗಳಾಗಲಿ ಇಲ್ಲ, ಕೂಡಿರುವಿಕೆಯೊಂದೇ ಇರುವದು. ಈ ಎರಡರ್ಥಗಳು ಒಂದನ್ನೊಂದು ಅಗಲಿದರೆ ಏನಾಗುವದೆಂಬುದನ್ನು ಹುಕ್ಕೇರಿ ತಾಲೂಕಿನ ಹುನ್ನೂರಿನಲ್ಲಿ ಕಾಣಬಹುದು.

ಹುನ್ನೂರು ಘಟಪ್ರಭೆಯ ದಂಡೆಯ ಊರು. ಸಹ್ಯಾದ್ರಿಯ ಮಳೆಯನ್ನು ಹೊತ್ತು ಮೂಡಲಿಗೆ ಹರಿಯುವ ಈ ನದಿಗೆ ಹಿಡಕಲ್ಲಿನಲ್ಲಿ ಕಟ್ಟಿದ ಆಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ರಾಜಾ ಲಖಮಗೌಡರ ಹೆಸರಿನ ಆ ಜಲಾಶಯವು ೫೧ ಟಿ.ಎಂ.ಸಿ., ಅಂದರೆ ೫,೧೦೦ ಕೋಟಿ ಘನ ಅಡಿ ನೀರನ್ನು ಹಿಡಿಯುವದು. ಹಳೆಯ ಹುನ್ನೂರು ಅದರೊಳಗಾಯಿತು. ಜನರು ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ವಿಠ್ಠಲನ ಕಲ್ಲಿನ ಗುಡಿ ಮಾತ್ರ ಇದ್ದಲ್ಲಿಯೇ ನಿಂತಿದೆ. ವರುಷದ ಬಹುಭಾಗ ಅದು ನೀರಿನಲ್ಲಿರುವದು. ಬೇಸಗೆಯಲ್ಲಿ ನೀರಿಳಿದಾಗ ಮೇಲಕ್ಕೆ ತೋರುವದು. ಆಗ ಜನರು ಬಂದು ದರ್ಶನ ಪಡೆಯುವರು.

ಇಲ್ಲಿಂದ ಬಿಟ್ಟ ನೀರು ಕೆಳಗೆ ಧೂಪದಾಳದ ಒಡ್ಡನ್ನು ಸೇರಿ, ಎಡದಂಡೆಯ ಕಾಲುವೆಯಿಂದ ಗೋಕಾಕ, ಮೂಡಲಗಿ ಸೀಮೆಗಳ ಕಬ್ಬಿಗೂ ಗೋವಿನಜೋಳಕ್ಕೂ ಹರಿಯುವದು. ಉಳಿದ ಹೊಳೆಯು ಗೋಕಾಕದ ಬಳಿ ೧೭೦ ಅಡಿ ಕೆಳಗೆ ಧುಮುಕುವದು. ಅದೇ ಹೊಳೆಯು ೨೦೧೯ರ ಆಗಸ್ಟದಲ್ಲಿ ಗೋಕಾಕ ಪಟ್ಟಣದೊಳಗೆ ನುಗ್ಗಿದ್ದನ್ನು ಅಲ್ಲಿನ ಗೃಹಸ್ಥರು ಮರೆತಿರಲಾರರು. ನಾಲ್ಕು ದಿನ ಮನೆ ಬಿಟ್ಟಿರುವ ಕಷ್ಟವನ್ನು ಅವರು ಬಲ್ಲರು. ಹುನ್ನೂರಿನವರು ಬಿಟ್ಟುದು ಎಂದೆಂದಿಗೂ.

ಆಣೆಕಟ್ಟು ಬೇಡವಾಗಿತ್ತೆಂದು ನಾವು ಹೇಳುವದಿಲ್ಲ. ನೀರಿಲ್ಲದ ಹೊಲದ ದುಃಖವನ್ನು ಈ ನಾಡು ಚೆನ್ನಾಗಿ ಬಲ್ಲುದು. ಆದರೆ ಉಂಡ ಮನೆಯ ಹೆಸರನ್ನು ತಿಳಿದಿರುವದು ಉಂಡವನ ಧರ್ಮ. ಮೂಡಲಗಿಯ ಮಗುವು ಬೆಲ್ಲವನ್ನು ಮೆಲ್ಲುವಾಗ ಹುನ್ನೂರಿನ ಹೆಸರನ್ನೊಮ್ಮೆ ಕೇಳಿರಬೇಕು.

ಆಣೆಕಟ್ಟು ಮುಗಿದಾಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತರ ಅಂಚಿನಲ್ಲಿರುವರು. ಯಾವ ಓಣಿಯಲ್ಲಿ ಯಾರ ಮನೆ, ಯಾವ ಹೊಲಕ್ಕೆ ಏನು ಹೆಸರು, ಜಾತ್ರೆಯಲ್ಲಿ ಯಾರ ಸೇವೆ ಮೊದಲು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಅಂಥ ಹಿರಿಯರುಳ್ಳ ಮನೆಗಳವರು ಒಂದು ವಹಿಯನ್ನು ತೆಗೆದುಕೊಂಡು ಅವರ ಮುಂದೆ ಕುಳಿತು ಬರೆದುಕೊಳ್ಳಲಿ. ನೀರು ಪ್ರತಿವರುಷ ಇಳಿದು ಗುಡಿಯನ್ನು ತೋರಿಸುವದು. ಹಿರಿಯರ ನೆನಪಿಗೆ ಅಂಥ ಬೇಸಗೆ ಇಲ್ಲ.