ಅಂಟುವಾಳದ ನೊರೆ ಮತ್ತು ಲಾಭದ ಲೆಕ್ಕ

ನಮ್ಮ ಮನೆಯಲ್ಲಿ ರೀಠಾ ಅನ್ನುತ್ತೇವೆ, ಪಕ್ಕದ ಮನೆಯವರು ಅಂಟುವಾಳ ಅನ್ನುತ್ತಾರೆ. ಕಾಯಿ ಒಂದೇ. ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿದರೆ ನೊರೆ ಏಳುತ್ತದೆ. ರೇಷ್ಮೆ ಸೀರೆ, ಬೆಳ್ಳಿ ಕಾಲ್ಗೆಜ್ಜೆ ತೊಳೆಯಲು ಇಂದಿಗೂ ಇದನ್ನೇ ನಂಬುವವರಿದ್ದಾರೆ. ಉಳಿದವರು ಇದನ್ನು ಅಜ್ಜಿ ಕಾಲದ ವಸ್ತು ಎಂದು ಬದಿಗಿಟ್ಟು, ಇದೇ ಕಾಯಿಯ ಚಿತ್ರವಿರುವ ಶಾಂಪೂವನ್ನು ಅಂಗಡಿಯಿಂದ ತರುತ್ತೇವೆ. ಕಾಮರ್ಸ್ ಓದುವ ನನಗೆ ಈ ಲೆಕ್ಕ ಸರಿ ಕಾಣುವುದಿಲ್ಲ.

ನೊರೆಗೆ ಕಾರಣ ಸಪೋನಿನ್ ಎಂಬ ಅಂಶ. ಅದರ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು. ಸೀಗೆಕಾಯಿಯಲ್ಲೂ ಇದೆ. ಚಿಲಿ ದೇಶದಲ್ಲಿ ಕ್ವಿಲಾಯ ಎಂಬ ಮರದ ತೊಗಟೆಯಿಂದ ಇದನ್ನು ತೆಗೆದು ತಂಪು ಪಾನೀಯಗಳಲ್ಲಿ ನೊರೆ ನಿಲ್ಲಿಸಲು ಬಳಸುತ್ತಾರೆ. ಅದರ ಶುದ್ಧ ಭಾಗ ಲಸಿಕೆಗಳಿಗೂ ಹೋಗುತ್ತದೆ. ತೊಗಟೆ ಮಾರಿದವನಿಗೆ ಸಿಗುವ ಹಣ ಬೇರೆ, ಸಾರ ಮಾರಿದವನಿಗೆ ಸಿಗುವ ಹಣ ಬೇರೆ.

ಇದು ನಮ್ಮವರಿಗೆ ಹೊಸ ಪಾಠವೇನಲ್ಲ. ಮೈಸೂರು ಸಂಸ್ಥಾನ ಮೊದಲು ಗಂಧದ ಮರವನ್ನೇ ವಿದೇಶಕ್ಕೆ ಮಾರುತ್ತಿತ್ತು. 1914ರ ಯುದ್ಧದಿಂದ ಆ ವ್ಯಾಪಾರ ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು, 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಒಂದು ಬಂತು. ಅಂಟುವಾಳಕ್ಕೆ ಮಾತ್ರ ಅಂಥ ಯೋಗ ಬರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಂಟುವಾಳ, ಸೀಗೆಯನ್ನು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತಾ ಬಂದಿದ್ದಾರೆ. ಸೊರಬ ಕಡೆಯೂ ಅಂಥದ್ದೊಂದು ಏರ್ಪಾಡು ಬೇಕು ಎಂಬುದು ನನ್ನ ವಾದ.

ಆದರೆ ನೈಸರ್ಗಿಕ ಎಂದ ಕೂಡಲೇ ನಿರಪಾಯ ಎಂದುಕೊಳ್ಳಬಾರದು. ಸಪೋನಿನ್ ಮೀನಿನ ಕಿವಿರನ್ನು ಹಾಳು ಮಾಡುತ್ತದೆ. ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುತ್ತಿದ್ದದ್ದು ಇದೇ ಕಾರಣಕ್ಕೆ. ಗುಡವಿ ಕೆರೆಯ ನೀರುಕಾಗೆ, ಹಾವಕ್ಕಿಗಳು ಬದುಕುವುದು ಮೀನಿನ ಮೇಲೆ. ಸಾರ ತೆಗೆಯುವ ಘಟಕವನ್ನು ಯಾರಾದರೂ ಹಾಕಿದರೆ ಅದರ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳಬೇಕು. ಕೆರೆಗೆ ಎಂದಾದರೆ ಅಂಥ ಲಾಭ ಬೇಡ.

ಹಾಗಾಗಿ ನೀರೇ ಬೇಡದ ಕೆಲಸದಿಂದ ಶುರು ಮಾಡೋಣ: ಒಣಗಿಸುವುದು, ಬೀಜ ಬೇರ್ಪಡಿಸುವುದು, ಸಿಪ್ಪೆ ಪುಡಿ ಮಾಡಿ ಪೊಟ್ಟಣ ಕಟ್ಟುವುದು. ಮಹಿಳಾ ಸ್ವಸಹಾಯ ಸಂಘಗಳಿಗೆ ಇದು ಕಷ್ಟವಲ್ಲ. ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಆದ್ದರಿಂದ ಮುಖಕ್ಕೆ ಬಟ್ಟೆ ಬೇಕು. ಊರಿನ ಹಿಟ್ಟಿನ ಗಿರಣಿಯವರು ಇದಕ್ಕೆ ಒಪ್ಪುವುದೂ ಅನುಮಾನ. ಆಮೇಲೆ ಬೀಸಿದ ಅಕ್ಕಿಹಿಟ್ಟು ಕಹಿಯಾದರೆ ಯಾರು ಬೈಸಿಕೊಳ್ಳಬೇಕು? ಪ್ರತ್ಯೇಕ ಯಂತ್ರ ಬೇಕೇ ಬೇಕು. ಬಂಡವಾಳದ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆಯಬೇಕು.