ಎರಡು ಕೈ ಸುಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ಯಾರಿದ್ದಾರೆ? ಮನೆ ಕಟ್ಟಿದವರನ್ನು ಒಮ್ಮೆ ವಿಚಾರಿಸಿ ನೋಡಿ. ಅಡಿಪಾಯ, ಗೋಡೆ, ಛಾವಣಿ ಹೇಗೋ ಆಗಿಬಿಡುತ್ತದೆ. ಕೈಯಲ್ಲಿದ್ದ ಹಣ ಖಾಲಿಯಾಗುವುದು ಗಿಲಾವು ಮುಗಿಯುವ ಹೊತ್ತಿಗೆ. ಆಮೇಲೆ ಪುಟ್ಟಿ, ಬಣ್ಣ, ಬಾಗಿಲಿಗೆ ಪಾಲಿಶ್, ಅಡುಗೆಮನೆಯ ಹಲಗೆ ಎಂದು ಸಣ್ಣಪುಟ್ಟ ಕೆಲಸಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಎಷ್ಟೋ ಕುಟುಂಬಗಳು ಸಾಲದ ಬಾಗಿಲು ತಟ್ಟುವುದು ಈ ಕೊನೆಯ ಹಂತದಲ್ಲಿಯೇ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ನಮಗೆ ದೂರದ ಸಂಬಂಧಿಗಳಾದ ಒಂದು ದಂಪತಿಯಿದ್ದಾರೆ. ಗಂಡ ಚಳ್ಳಕೆರೆಗೆ ಹೋಗಿ ದುಡಿಯುತ್ತಾನೆ, ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವರು ಕಟ್ಟಿಸುತ್ತಿದ್ದ ಮನೆ ನೋಡಲು ಹೋದಾಗ ಮಾರಮ್ಮನ ಜಾತ್ರೆಗೆ ಇನ್ನೂ ಎರಡು ತಿಂಗಳಿತ್ತು. ಭಾದ್ರಪದದ ಆ ಜಾತ್ರೆಗೆ ಆಂಧ್ರದಿಂದಲೂ ಜನ ಹರಿದು ಬರುತ್ತಾರೆ. ಅಷ್ಟರೊಳಗೆ ಮನೆಗಳಿಗೆ ಸುಣ್ಣಬಣ್ಣ ಆಗಬೇಕೆಂಬ ಆತುರ ಊರಿಗೆಲ್ಲ ಇರುತ್ತದೆ. ನಾನು ಹೊಸ್ತಿಲು ದಾಟಿದಾಗ ಒಳಗಿನಿಂದ ಗರಗರ ಸದ್ದು. ನೋಡಿದರೆ ಆಕೆ ದುಪಟ್ಟಾವನ್ನು ಮೂಗು ಬಾಯಿಗೆ ಬಿಗಿದು, ಸ್ಟೂಲಿನ ಮೇಲೆ ನಿಂತು ಪಾಲಿಶ್ ಪೇಪರಿನಿಂದ ಗೋಡೆ ಉಜ್ಜುತ್ತಿದ್ದಾಳೆ. ಕೆಳಗೆ ಗಂಡ ಬಕೆಟ್ಟಿನಲ್ಲಿ ಪುಟ್ಟಿ ಕಲೆಸುತ್ತಿದ್ದಾನೆ. ಇಬ್ಬರ ರೆಪ್ಪೆಯೂ ಬೆಳ್ಳಗೆ!

ಗುತ್ತಿಗೆಯವನು ಎರಡು ಕೋಣೆ, ಒಂದು ಅಡುಗೆಮನೆಗೆ 45 ಸಾವಿರ ಕೇಳಿದ್ದನಂತೆ. ಸಂಘದಿಂದ ಸಾಲ ತರೋಣವೆಂದು ಗಂಡನ ಆಲೋಚನೆ. "ಬಾಡಿಗೆಯನ್ನೂ ಕಟ್ಟಿ, ವಾರದ ಕಂತನ್ನೂ ಕಟ್ಟುವುದು ಯಾವ ದುಡ್ಡಿನಲ್ಲಿ? ಗೋಡೆ ನಮ್ಮದು, ಕೈಯೂ ನಮ್ಮದೇ ಇದೆಯಲ್ಲ" ಎಂದಳಂತೆ ಆಕೆ. ಅವಳ ಅಂಜಿಕೆ ಸುಳ್ಳಲ್ಲ. ಕಿರುಸಾಲದ ವಸೂಲಿಗಾರರ ಕಿರುಕುಳ ತಡೆಯಲಾರದೆ ಜನ ಊರು ಬಿಟ್ಟು ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸಾಲದ ಬಣ್ಣ ಗೋಡೆಗೆ ಎಷ್ಟು ಚೆಂದ ಕಂಡರೂ ಮನೆಯವರ ಮುಖದ ಬಣ್ಣ ಕಸಿದುಕೊಂಡರೆ ಏನು ಫಲ?

ಗಂಡನಿಗೆ ಮಾತ್ರ ಅಳುಕು. ಹೆಂಡತಿಯನ್ನು ಸ್ಟೂಲು ಹತ್ತಿಸಿದ ಎಂದು ಊರವರು ನಗುವುದಿಲ್ಲವೇ? ಆಗ ಮಾತಾಡಿದ್ದು ಅವನ ತಾಯಿ. "ನಾವು ಹೆಂಗಸರು ಮೆತ್ತದೆ, ಬಳಿಯದೆ ಈ ಊರಲ್ಲಿ ಯಾವ ಮನೆ ಮನೆಯಾಗಿತ್ತೋ?" ಎಂದು ಮಗನನ್ನೇ ಕೇಳಿದರಂತೆ.

ಸಹೋದರಿಯರೇ, ಆ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ದಪ್ಪ ಗೋಡೆ, ಮರದ ತೊಲೆ, ಜಂತೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವುಳು ಮಣ್ಣಿನ ಹೊದಿಕೆ. ಉಪ್ಪಿನಂಶದ ಈ ಮಣ್ಣಿನಲ್ಲಿ ಬೆಳೆ ಬರುವುದು ಕಷ್ಟ. ಆದರೆ ನೀರು ತಾಗಿದೊಡನೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮಳೆ ಕೆಳಗಿಳಿಯುವುದಿಲ್ಲ. ಹೊಲಕ್ಕೆ ಬೇಡವಾದ ಮಣ್ಣು ಮನೆಗೆ ಕೊಡೆಯಾಗಿತ್ತು! ಮುಂಗಾರಿಗೆ ಮೊದಲು ಸವುಳು ತಂದು ಹರಡುವುದಕ್ಕೆ ಗಂಡ ಹೆಂಡತಿ ಇಬ್ಬರೂ ಕೈಹಚ್ಚುತ್ತಿದ್ದರು. ಗೋಡೆಗೆ ಮಣ್ಣು ಮೆತ್ತಿ ನುಣುಪು ಮಾಡುವುದು, ನೆಲ ಸಾರಿಸುವುದು, ಸುಣ್ಣ ಬಳಿದು ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಅದಕ್ಕೆ ಕೂಲಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ.

ಸಿಮೆಂಟು ಬಂದ ಮೇಲೆ ಅದೇ ಕೆಲಸಕ್ಕೆ ಗುತ್ತಿಗೆ ಎಂಬ ಹೆಸರು ಬಂತು, ಬೆಲೆಯೂ ಬಂತು. ಬೆಲೆ ಬಂದದ್ದೇ ತಡ, ಅದು ಹೆಣ್ಣಿನ ಕೈ ತಪ್ಪಿತು. ಈಗ ಅವಳಿಗೆ ಉಳಿದಿರುವುದು ಬಣ್ಣದ ಪುಸ್ತಕ ನೋಡಿ ಯಾವ ಬಣ್ಣ ಎಂದು ಹೇಳುವ ಅಧಿಕಾರವೊಂದೇ. ಕೆಲವು ಮನೆಗಳಲ್ಲಿ ಅದೂ ಇಲ್ಲ. ಹಾಗೆ ನೋಡಿದರೆ ಈ ದಂಪತಿ ಹೊಸತೇನನ್ನೂ ಮಾಡಲಿಲ್ಲ, ಬಿಟ್ಟುಹೋದ ಹಳೆಯ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು, ಅಷ್ಟೇ. ಅದರಲ್ಲಿ ನಾಚುವುದೇನಿದೆ? ಮದೀನಾದಲ್ಲಿ ಮಸೀದಿ ಕಟ್ಟುವಾಗ ಪ್ರವಾದಿಯವರು(ಸ) ಸಂಗಾತಿಗಳ ಜೊತೆ ಸ್ವತಃ ಇಟ್ಟಿಗೆ ಹೊತ್ತರಲ್ಲವೇ?

ಆದರೆ ಕೆಲಸ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಮೊದಲು ಬಳಿದ ಕೋಣೆ ಕೆಟ್ಟುಹೋಯಿತು. ಗಿಲಾವು ಒಣಗುವ ಮೊದಲೇ ಪುಟ್ಟಿ ಹಚ್ಚಿ, ಬಣ್ಣವನ್ನೂ ಹೊಡೆದಿದ್ದರು. ಹದಿನೈದು ದಿನಗಳಲ್ಲಿ ಗೋಡೆಯ ಬುಡದಲ್ಲಿ ಬಿಳಿ ಬೂದಿಯಂತೆ ಉಪ್ಪು ಒಡೆದು, ಬಣ್ಣ ಹಪ್ಪಳದಂತೆ ಎದ್ದಿತು. ಮಾಳಿಗೆಯ ಮೇಲೆ ಮನೆ ಕಾಯುತ್ತಿದ್ದ ಉಪ್ಪು, ಗೋಡೆಯೊಳಗೆ ಸೇರಿದರೆ ಶತ್ರು. ಮರಳಿನಲ್ಲಿ, ಕೊಳವೆಬಾವಿಯ ಗಡಸು ನೀರಿನಲ್ಲಿ ಇರುವ ಲವಣವು ತೇವದ ಜೊತೆ ಹೊರಬಂದು ಮೇಲ್ಮೈಯಲ್ಲಿ ಹರಳುಗಟ್ಟುತ್ತದೆ. ಒಂದು ಡಬ್ಬ ಬಣ್ಣ, ನಾಲ್ಕು ದಿನದ ಶ್ರಮ ಮಣ್ಣುಪಾಲು. ಅಂದು ರಾತ್ರಿ ಇಬ್ಬರೂ ಪರಸ್ಪರ ಮಾತಾಡಲಿಲ್ಲವಂತೆ. ಮಾರನೆಯ ದಿನ ಆಕೆಯೇ ತಗಡಿನ ಪಟ್ಟಿ ಹಿಡಿದು ಕೆರೆಯಲು ಕುಳಿತಳು. ಸ್ವಲ್ಪ ಹೊತ್ತಿಗೆ ಅವನೂ ಬಂದು ಪಕ್ಕದಲ್ಲಿ ಕುಳಿತ.

ಆದ್ದರಿಂದ ನೀವೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ಮೊದಲ ಪಾಠ ಕಾಯುವುದು. ಸಿಮೆಂಟಿನ ಗಿಲಾವಿಗೆ ಕನಿಷ್ಠ 7 ದಿನ ನೀರು ಕುಡಿಸಿ, ಆಮೇಲೆ ಸುಮಾರು ಒಂದು ತಿಂಗಳು ಒಣಗಲು ಬಿಡಿ. ಉಪ್ಪು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸುವ ಬದಲು ಒಣ ಬ್ರಷ್‌ನಿಂದ ತೆಗೆಯಿರಿ, ಒದ್ದೆ ಮಾಡಿದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಸೇರುತ್ತದೆ. ಆಮೇಲೆ ಪುಟ್ಟಿ, ಪ್ರೈಮರ್, ಅದರ ಮೇಲೆ ಎರಡು ಕೈ ಬಣ್ಣ. ಪುಟ್ಟಿ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ.

ಇವರು ಎರಡನೆಯ ಕೋಣೆಗೆ ಸುಣ್ಣವನ್ನೇ ಬಳಿದರು. ಖರ್ಚು ಕಡಿಮೆ, ಗೋಡೆಯ ತೇವ ಅದರ ಮೂಲಕ ಹೊರಹೋಗುತ್ತದೆ, ಬಣ್ಣದಂತೆ ಹಪ್ಪಳವೇಳುವುದಿಲ್ಲ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗಿಯೇ ಗಟ್ಟಿಯಾಗುತ್ತದೆ. ಹಾಗಾಗಿ ಗೋಡೆಯನ್ನು ಸ್ವಲ್ಪ ನೆನೆಸಿ, ತೆಳ್ಳಗೆ ಒಂದು ಕೈ ಬಳಿದು, ಒಣಗಿದ ಮೇಲೆ ಇನ್ನೊಂದು ಕೈ ಬಳಿಯಬೇಕು. ಆದರೆ ಎಚ್ಚರ! ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದಾಗ ಕೊತಕೊತ ಕುದಿಯುತ್ತದೆ. ಅಗಲ ಬಾಯಿಯ ಕಬ್ಬಿಣದ ಪಾತ್ರೆಯಲ್ಲಿ ಮೊದಲು ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಓಡಬೇಕು. ದೃಷ್ಟಿಯೇ ಹೋಗಬಹುದಾದ ಅಪಾಯವದು.

ಇನ್ನೊಂದು ಮಾತು. ಅಟ್ಟದಲ್ಲಿ ಉಳಿದ ಹಳೆಯ ಎನಾಮಲ್ ಡಬ್ಬವನ್ನು ಉಳಿತಾಯವೆಂದು ಕಿಟಕಿ ಬಾಗಿಲಿಗೆ ಬಳಿಯಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಂಭವವಿದೆ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹೊಸ ಡಬ್ಬ ಕೊಳ್ಳುವಾಗಲೂ ಅದರ ಮೇಲಿನ ಬರಹವನ್ನು ಓದಿ.

ಎಲ್ಲವನ್ನೂ ನಾವೇ ಮಾಡುತ್ತೇವೆಂಬ ಹಟವೂ ಬೇಡ. ವಿದ್ಯುತ್ ತಂತಿ, ಬಚ್ಚಲಿನ ನೆಲದ ಇಳಿಜಾರು, ಹೊರಗೋಡೆಯ ಎತ್ತರದ ಕೆಲಸ ಇವನ್ನು ಬಲ್ಲವರಿಗೇ ಬಿಡಿ. ಇವರು ಉಳಿಸಿದ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ವಿದ್ಯುತ್ ಕೆಲಸಗಾರನಿಗೆ ಕೊಟ್ಟರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇನ್ನೊಂದು ಸಂಗತಿ. ಮನೆಯ ಕೆಲಸ ನಾವೇ ಮಾಡಿಕೊಳ್ಳೋಣ ಎಂದಾಗ ಆ 'ನಾವು' ಎಂಬುದು ಅನೇಕ ಬಾರಿ ಹೆಂಡತಿಯೊಬ್ಬಳೇ ಆಗಿರುತ್ತಾಳೆ. ಹಗಲು ಗೋಡೆ ಉಜ್ಜಿ, ಸಂಜೆ ಒಲೆ ಹಚ್ಚಿ, ರಾತ್ರಿ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಅದು ಉಳಿತಾಯವಲ್ಲ. ದುಡ್ಡಿನ ಬದಲು ಅವಳ ದೇಹ ಕಂತು ಕಟ್ಟುತ್ತದೆ. ಇವರ ಮನೆಯಲ್ಲಿ ಕೆಲಸದ ದಿನ ಊಟ ಅತ್ತೆಯದು, ನೀರು ತರುವುದು ಮತ್ತು ಪಾತ್ರೆ ತೊಳೆಯುವುದು ಗಂಡನದು.

ಕೊನೆಯದಾಗಿ, ಗೋಡೆಯ ಜೊತೆ ಕಾಗದವನ್ನೂ ನೋಡಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮಾರ್ಗಸೂಚಿಯಲ್ಲಿ, ಮನೆಯನ್ನು ಗುತ್ತಿಗೆದಾರನಿಗೆ ವಹಿಸದೆ ಫಲಾನುಭವಿಯೇ ಕಟ್ಟಿಕೊಳ್ಳಬೇಕೆಂದೂ, ಮಂಜೂರಾತಿ ಪತಿ ಪತ್ನಿಯರ ಜಂಟಿ ಹೆಸರಿನಲ್ಲಿ ಅಥವಾ ಪತ್ನಿಯ ಹೆಸರಿನಲ್ಲಿ ಇರಬಹುದೆಂದೂ ಇತ್ತು. ಸ್ವಂತ ದುಡ್ಡಿನ ಮನೆಯಾದರೂ ಈ ಮಾದರಿ ಒಳ್ಳೆಯದಲ್ಲವೇ? ಪಂಚಾಯತಿಯ ಇ-ಸ್ವತ್ತು ಪತ್ರದಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ತೆಗೆದು ನೋಡಿ. ಗೋಡೆಗೆ ಕೈ ಹಚ್ಚಿದವಳ ಹೆಸರು ಪತ್ರದಲ್ಲಿಯೂ ಇರಲಿ.

ಜಾತ್ರೆಯ ಹೊತ್ತಿಗೆ ಅವರು ಹೊಸ ಮನೆ ಸೇರಿದ್ದರು. ಮೊದಲ ಕೋಣೆಯ ಮೂಲೆಯಲ್ಲಿ ಈಗಲೂ ಒಂದು ಕಡೆ ಬಣ್ಣ ಸ್ವಲ್ಪ ಏರುಪೇರಾಗಿದೆಯಂತೆ. ಬಂದವರೆಲ್ಲ ಅದನ್ನೇ ಬೆರಳಿಟ್ಟು ತೋರಿಸುತ್ತಾರಂತೆ. "ಅದು ಯಾರ ಕೈಯದು?" ಎಂದು ಫೋನಿನಲ್ಲಿ ಕೇಳಿದೆ. "ಅವರನ್ನು ಕೇಳಿದರೆ ನನ್ನದು ಅನ್ನುತ್ತಾರೆ, ನನ್ನನ್ನು ಕೇಳಿದರೆ ಅವರದು ಅನ್ನುತ್ತೇನೆ" ಎಂದು ನಕ್ಕಳು. ಆ ಮನೆಗೆ ಸಾಲವಿಲ್ಲ.